ನಮ್ಮ ದೇಶಕ್ಕೆ ವಯಸ್ಸಾಗುತ್ತಿದೆ: ಮಾಸಾಶನ, ಆರೈಕೆ, ಆಸ್ತಿ, ಕಾನೂನು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾಡಕಚೇರಿ ಮುಂದೆ, ಬ್ಯಾಂಕಿನ ಸಾಲಿನಲ್ಲಿ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿವು. ಕೆಲವು ದೇಶದ ಲೆಕ್ಕಾಚಾರದವು, ಕೆಲವು ಮನೆಯೊಳಗಿನವು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಅದಕ್ಕೇ ಒಟ್ಟಿಗೇ ಇಟ್ಟಿದ್ದೇವೆ.

ಭಾರತ ಯುವಕರ ದೇಶ ಅಂತಾರೆ. ಹಾಗಿದ್ದಮೇಲೆ ವಯಸ್ಸಾಗುತ್ತಿದೆ ಅನ್ನೋದು ಹೇಗೆ?

ಎರಡೂ ನಿಜ. ಈಗ ದುಡಿಯುವ ವಯಸ್ಸಿನವರು ಜಾಸ್ತಿ ಇದ್ದಾರೆ. ಆದರೆ ಅವರ ಹಿಂದೆ ಬರುತ್ತಿರುವ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ. 2011ರ ಜನಗಣತಿಯಲ್ಲಿ 60 ದಾಟಿದವರು 10 ಕೋಟಿಗೂ ಮೇಲಿದ್ದರು. ಅಂದರೆ ನೂರಕ್ಕೆ 8.6 ಮಂದಿ. 2022ರ ಹೊತ್ತಿಗೆ ಅದು 15 ಕೋಟಿ ಹತ್ತಿರ ಬಂತು. 2050ಕ್ಕೆ ಸುಮಾರು 35 ಕೋಟಿ ಆಗುತ್ತದೆ, ಐವರಲ್ಲಿ ಒಬ್ಬರು ಹಿರಿಯರಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಅಂದಾಜು. 2050ರ ಆ ಮುದುಕರು ಬೇರೆ ಯಾರೂ ಅಲ್ಲ, ಇವತ್ತು ಮೂವತ್ತೈದು ನಲವತ್ತರಲ್ಲಿ ಇರುವವರೇ.

ಇದಕ್ಕೆ ಕಾರಣ ಎರಡು. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ಸರಾಸರಿ ಆಯಸ್ಸು 32ರ ಆಸುಪಾಸು ಇತ್ತು, ಈಗ 70. ಹಾಗೇ ಹೆರುವ ಮಕ್ಕಳ ಸಂಖ್ಯೆಯೂ ಇಳಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಂಗಸಿಗೆ ಸರಾಸರಿ 2 ಮಕ್ಕಳು. ಕರ್ನಾಟಕದಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು.

ಸಿಡುಬು ಹೋಯಿತು, ಬಾಣಂತಿಯರು ಸಾಯುವುದು ಕಡಿಮೆಯಾಯಿತು, ಹುಟ್ಟಿದ ಮಕ್ಕಳು ಉಳಿದರು. ಅದರ ಫಲವೇ ಇದು. ಹಾಗಾಗಿ ಹಿರಿಯರ ಸಂಖ್ಯೆ ಏರುವುದನ್ನು ಹೊರೆ, ಗಂಡಾಂತರ ಎಂದು ಕರೆಯುವುದನ್ನು ನಾವು ಒಪ್ಪುವುದಿಲ್ಲ. ಅವರಿಗೆ ಏನೂ ತಯಾರಿ ಮಾಡಿಕೊಳ್ಳದೆ ಕೂತಿರುವುದೇ ನಿಜವಾದ ತೊಂದರೆ.

ಜಪಾನ್, ಫ್ರಾನ್ಸ್ ಎಲ್ಲ ನಿಭಾಯಿಸಿವೆ ಅಲ್ವಾ? ನಮಗೆ ಯಾಕೆ ಕಷ್ಟ?

ಅವರಿಗೆ ಸಮಯ ಸಿಕ್ಕಿತು. ಫ್ರಾನ್ಸಿನಲ್ಲಿ 65 ದಾಟಿದವರ ಪಾಲು ನೂರಕ್ಕೆ 7ರಿಂದ 14ಕ್ಕೆ ಏರಲು ಸುಮಾರು 115 ವರ್ಷ ಹಿಡಿಯಿತು. ಅಷ್ಟರಲ್ಲಿ ಆಸ್ಪತ್ರೆ, ಪಿಂಚಣಿ, ವಿಮೆ ಎಲ್ಲವನ್ನೂ ಒಂದೊಂದಾಗಿ ಕಟ್ಟಿಕೊಂಡರು. ಜಪಾನಿಗೆ ಕಾಲು ಶತಮಾನವಷ್ಟೇ ಸಿಕ್ಕಿತು, ಆದರೆ ಅವರ ಕೈಯಲ್ಲಿ ದುಡ್ಡಿತ್ತು. ನಮಗೆ ಮೂರು ದಶಕವೂ ಸಿಗುವುದಿಲ್ಲ ಎಂಬ ಅಂದಾಜಿದೆ. ದುಡ್ಡೂ ಅಷ್ಟಿಲ್ಲ. ಜೊತೆಗೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಕೆಲಸ ಅಸಂಘಟಿತ ವಲಯದ್ದು. ಹೊಲ, ಕಟ್ಟಡ, ಗೂಡಂಗಡಿ, ಮನೆಗೆಲಸ. ನಿವೃತ್ತಿ ಎನ್ನುವುದೇ ಇಲ್ಲದ ಕೆಲಸಗಳಿವು. ಮೈಯಲ್ಲಿ ಕಸುವು ಇರುವವರೆಗೆ ದುಡಿ, ಆಮೇಲೆ ಮಕ್ಕಳನ್ನು ನೋಡು. ಇದೇ ನಮ್ಮ ವ್ಯವಸ್ಥೆ.

ಕರ್ನಾಟಕದಲ್ಲಿ ಎಲ್ಲ ಕಡೆ ಒಂದೇ ಥರ ಇದೆಯಾ?

ಇಲ್ಲ. ಮಲೆನಾಡು, ಕರಾವಳಿಗೆ ಹೋಗಿ ನೋಡಿ. ದೊಡ್ಡ ಮನೆ, ಅಂಗಳ, ಅಡಿಕೆ ತೋಟ. ಒಳಗೆ ಇಬ್ಬರೇ. ಮಕ್ಕಳು ಬೆಂಗಳೂರು, ಮುಂಬೈ, ದುಬೈ, ಅಮೆರಿಕ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ಕೊಯ್ಲಿಗೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಹುಡುಕಬೇಕು, ಎಪ್ಪತ್ತೈದರ ಯಜಮಾನರು ಫೋನ್ ಹಿಡಿದು ಕೂತಿರುತ್ತಾರೆ. ಕರೆಂಟು ಹೋದರೆ ಆ ಫೋನೂ ಇಲ್ಲ. ಅವರಿಗೆ ದುಡ್ಡಿನ ಕೊರತೆ ಇರಲಿಕ್ಕಿಲ್ಲ, ಜನದ ಕೊರತೆ ಇದೆ.

ಕಲಬುರಗಿ, ಯಾದಗಿರಿ ಕಡೆ ಕಥೆ ಬೇರೆ. ಮಗ ಸೊಸೆ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಊರಲ್ಲಿ ಉಳಿದ ಅಜ್ಜ ಅಜ್ಜಿಯ ಮೇಲೆ ಮೊಮ್ಮಕ್ಕಳ ಊಟ, ಶಾಲೆ, ಜ್ವರ ಎಲ್ಲವೂ ಬಿದ್ದಿರುತ್ತದೆ. ಇಲ್ಲಿ ಹಿರಿಯರು ಆರೈಕೆ ಪಡೆಯುವವರಲ್ಲ, ಆರೈಕೆ ಮಾಡುವವರು.

ರಾಜ್ಯ ರಾಜ್ಯದ ನಡುವೆಯೂ ಅಂತರ ಇದೆ. 2011ರಲ್ಲೇ ಕೇರಳದಲ್ಲಿ ಹಿರಿಯರು ನೂರಕ್ಕೆ 12.6, ಕರ್ನಾಟಕದಲ್ಲಿ 9.5, ಬಿಹಾರದಲ್ಲಿ 7.4 ಇದ್ದರು.

ವೃದ್ಧಾಪ್ಯ ಮಾಸಾಶನ ಎಷ್ಟು ಬರುತ್ತದೆ? ಅದು ಸಾಕಾಗುತ್ತದಾ?

ಕೇಂದ್ರದ ಯೋಜನೆ 1995ರ ಆಗಸ್ಟ್ 15ರಂದು ಶುರುವಾಯಿತು. 2007ರಲ್ಲಿ ಅದಕ್ಕೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಎಂಬ ಹೆಸರು ಬಂತು. ಆಗಲೇ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ ಇತ್ತು. 80 ದಾಟುವವರೆಗೆ ಈಗಲೂ ಅಷ್ಟೇ. 80 ದಾಟಿದರೆ 500. ಇಷ್ಟು ವರ್ಷದಲ್ಲಿ ಅಕ್ಕಿ, ಬೇಳೆ, ಬಸ್ ಚಾರ್ಜು, ಮಾತ್ರೆ ಎಲ್ಲವೂ ಏರಿವೆ. ಆ 200 ಮಾತ್ರ ಅಲ್ಲಾಡಿಲ್ಲ. ಉಳಿದದ್ದನ್ನು ರಾಜ್ಯ ಸರ್ಕಾರ ಸೇರಿಸಿ ಕೊಡುತ್ತದೆ. ಕರ್ನಾಟಕದಲ್ಲಿ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆಯೂ ಇದೆ. ಸಣ್ಣ ರೈತರು, ಕೂಲಿಕಾರರು, ನೇಕಾರರು, ಮೀನುಗಾರರು ಮುಂತಾದವರಿಗೆ 65 ತುಂಬಿದ ಮೇಲೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ.

ಸಾಕಾಗುತ್ತದಾ? ದಿನಕ್ಕೆ 40 ರೂಪಾಯಿ ಆಯಿತು. ಅದರಲ್ಲಿ ಒಬ್ಬರು ಬದುಕಲು ಆಗುವುದಿಲ್ಲ. ಆದರೂ ಆ ದುಡ್ಡನ್ನು ಹಗುರವಾಗಿ ನೋಡಬೇಡಿ. ಎಲೆ ಅಡಿಕೆಗೆ, ಮೊಮ್ಮಗಳ ಕೈಗೆ ಹತ್ತು ರೂಪಾಯಿ ಇಡಲಿಕ್ಕೆ, ಆಸ್ಪತ್ರೆಗೆ ಹೋಗುವ ಆಟೋಗೆ ಮಗನ ಮುಂದೆ ಕೈಚಾಚಬೇಕಿಲ್ಲ ಎನ್ನುವುದು ಹಳ್ಳಿಯ ಮುದುಕಿಯೊಬ್ಬಳಿಗೆ ಸಣ್ಣ ವಿಷಯ ಅಲ್ಲ. ತನ್ನದೇ ಹೆಸರಿಗೆ ಬರುವ ದುಡ್ಡು ಮನೆಯಲ್ಲಿ ಮರ್ಯಾದೆಯನ್ನೂ ತರುತ್ತದೆ.

ಮಾಸಾಶನ ಮಂಜೂರಾಗಿದೆ, ಆದರೆ ದುಡ್ಡು ಬರೋದು ನಿಂತಿದೆ. ಯಾಕೆ?

ಬಹಳ ಜನ ಕೇಳುವ ಪ್ರಶ್ನೆ ಇದು. ಕಾರಣಗಳು ಸುಮಾರು ಇವೆ.

ಒಂದು, ದುಡ್ಡು ಬೇರೆ ಖಾತೆಗೆ ಹೋಗಿರುತ್ತದೆ. ಹಿಂದೆ ಯಾವುದೋ ಯೋಜನೆಗೆ ಅಂತ ತೆರೆಸಿದ ಖಾತೆಗೆ ಆಧಾರ್ ಜೋಡಣೆ ಆಗಿರುತ್ತದೆ. ಮಾಸಾಶನ ಅಲ್ಲಿ ಹೋಗಿ ಕೂತಿರುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಅಂಚೆ ಕಚೇರಿಗೆ ಅಲೆಯುತ್ತಿರುತ್ತಾರೆ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೊದಲು ನೋಡಿಸಿ. ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ.

ಎರಡು, ವಯಸ್ಸು. ನಮ್ಮ ಹಿರಿಯರಲ್ಲಿ ಬಹಳ ಜನಕ್ಕೆ ಹುಟ್ಟಿದ ತಾರೀಕು ಗೊತ್ತಿಲ್ಲ. ಆಧಾರ್ ಮಾಡಿಸುವಾಗ ಅಂದಾಜಿಗೆ ಜನವರಿ 1 ಅಂತ ಬರೆಸಿ, ವರ್ಷವನ್ನೂ ಅಂದಾಜಿಗೇ ಹಾಕಿದ್ದಾರೆ. ಕೂದಲೆಲ್ಲ ಬೆಳ್ಳಗಾದವರಿಗೂ ಕಾರ್ಡಿನಲ್ಲಿ ಇನ್ನೂ 57. ಕಂಪ್ಯೂಟರಿಗೆ ಕಾರ್ಡು ಕಾಣುತ್ತದೆ, ಎದುರಿಗಿರುವ ಮುಖ ಕಾಣುವುದಿಲ್ಲ.

ಮೂರು, ಹೆಬ್ಬೆಟ್ಟು. ಊರಿಗೆ ಬರುವ ಬ್ಯಾಂಕಿನ ಪ್ರತಿನಿಧಿಯೋ ಅಂಚೆಯಣ್ಣನೋ ಪುಟ್ಟ ಯಂತ್ರ ಮುಂದಿಡುತ್ತಾರೆ. ಅಜ್ಜಿ ಬೆರಳು ಇಡುತ್ತಾರೆ. ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಡುತ್ತಾರೆ. ತೋರುಬೆರಳು, ನಡುಬೆರಳು, ಎಡಗೈ. ಕೊನೆಗೆ "ನಾಳೆ ಬನ್ನಿ ಅಜ್ಜಿ" ಎಂಬ ಮಾತು. ನಲವತ್ತು ವರ್ಷ ಅಡಿಕೆ ಸುಲಿದ, ಬೀಡಿ ಕಟ್ಟಿದ, ಕಳೆ ಕಿತ್ತ ಬೆರಳುಗಳಲ್ಲಿ ಗೆರೆಗಳೇ ಸವೆದು ಹೋಗಿರುತ್ತವೆ. ದುಡಿದು ದುಡಿದು ಬೆರಳು ಸವೆಸಿಕೊಂಡವರಿಗೆ, ಬೆರಳು ಸವೆದಿದೆ ಎಂಬ ಕಾರಣಕ್ಕೇ ದುಡ್ಡು ಸಿಗದಿರುವುದು ಸರಿಯೇ ಅಲ್ಲ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಿಸಿ. ಬ್ಯಾಂಕ್ ಶಾಖೆಯಲ್ಲಿ ಚೀಟಿ ತುಂಬಿಸಿ ಹಣ ತೆಗೆಯುವ ಹಳೆಯ ದಾರಿಯೂ ಇದೆ, ಅದನ್ನು ಕೇಳಿ ಪಡೆಯಿರಿ.

ನಾಲ್ಕನೆಯದು ಕೇಳಲಿಕ್ಕೇ ಸಂಕಟ. ಪರಿಶೀಲನೆಗೆ ಬಂದ ದಿನ ಮನೆಯಲ್ಲಿ ಇರಲಿಲ್ಲ ಎಂದೋ, ಹೆಸರು ಅದಲು ಬದಲಾಗಿಯೋ, ಬದುಕಿರುವವರನ್ನು ದಾಖಲೆಯಲ್ಲಿ ತೀರಿಕೊಂಡವರೆಂದು ಬರೆದಿರುತ್ತಾರೆ. ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತು ಸಾಲದು.

ಖಾಸಗಿ ಕಂಪನಿಯಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಪಿಂಚಣಿ ಇರುತ್ತದಲ್ಲ?

ಪಿಎಫ್ ಕಟ್ಟಿದ್ದು 10 ವರ್ಷವಾಗಿದ್ದರೆ 58 ತುಂಬಿದ ಮೇಲೆ ಪಿಂಚಣಿ ಬರುತ್ತದೆ. ಕನಿಷ್ಠ ಮೊತ್ತ ತಿಂಗಳಿಗೆ 1,000 ಎಂದು 2014ರಲ್ಲಿ ನಿಗದಿಯಾಗಿದೆ. ಆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಬಹಳ ಜನ ಮಗಳ ಮದುವೆ, ಸಾಲ, ಮನೆ ಅಡ್ವಾನ್ಸ್ ಅಂತ ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆದಿರುತ್ತಾರೆ. ಜೊತೆಗೆ ಪಿಂಚಣಿಯ ಪಾಲನ್ನೂ ಹಿಂಪಡೆದರೆ ಆ ಸೇವೆ ಲೆಕ್ಕಕ್ಕೆ ಸಿಗುವುದಿಲ್ಲ, ಮತ್ತೆ ಸೊನ್ನೆಯಿಂದ ಶುರು. ನಿಮ್ಮ ಮನೆಯಲ್ಲಿ ಯಾರಾದರೂ ಕೆಲಸ ಬದಲಿಸುತ್ತಿದ್ದರೆ ಹಣ ತೆಗೆಯುವ ಬದಲು ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಲು ಹೇಳಿ. 40ರ ಒಳಗಿನವರು ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು, ಆದಾಯ ತೆರಿಗೆ ಕಟ್ಟುವವರಾಗಿರಬಾರದು.

ಗೃಹಲಕ್ಷ್ಮಿ ದುಡ್ಡು ಅತ್ತೆಗಾ, ಸೊಸೆಗಾ?

ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಯಜಮಾನಿ. ಹಾಗಾಗಿ ಬಹಳ ಮನೆಗಳಲ್ಲಿ ಅತ್ತೆಗೆ ತಿಂಗಳಿಗೆ 2,000 ಬರುತ್ತಿದೆ. ಈ ದುಡ್ಡಿಗಾಗಿ ಜಗಳ ಆದದ್ದೂ ಉಂಟು, ಅತ್ತೆಗೆ ಮಾತ್ರೆ ತಪ್ಪದೆ ಸಿಕ್ಕಿದ್ದೂ ಉಂಟು.

ನಮ್ಮದು ಕೂಡು ಕುಟುಂಬದ ಸಂಸ್ಕೃತಿ. ಮನೆಯವರೇ ನೋಡಿಕೊಳ್ಳುತ್ತಾರಲ್ಲ, ಸರ್ಕಾರ ಯಾಕೆ ಬರಬೇಕು?

ಮನೆಯವರು ಎಂದರೆ ಯಾರು? ಈ ಒಂದು ಪ್ರಶ್ನೆಯನ್ನು ದಯವಿಟ್ಟು ನಿಮ್ಮ ಮನೆಯಲ್ಲೇ ಕೇಳಿಕೊಳ್ಳಿ.

ಹಾಸಿಗೆ ಹಿಡಿದ ಮಾವನಿಗೆ ಬೆಳಿಗ್ಗೆ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ರಾತ್ರಿ ಕರೆದಾಗ ಏಳುವುದು. ಇದನ್ನೆಲ್ಲ ಮಾಡುವವಳು ಸೊಸೆ. ಇಲ್ಲದಿದ್ದರೆ ಹೆಂಡತಿ, ಅವಳಿಗೂ ಎಪ್ಪತ್ತು ಆಗಿರುತ್ತದೆ. ಇಲ್ಲದಿದ್ದರೆ ಮದುವೆಯಾಗದ ಮಗಳು. ಮಗ ದುಡ್ಡು ಕೊಡುತ್ತಾನೆ, ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುತ್ತಾನೆ, ಊರವರ ಬಾಯಲ್ಲಿ "ಅಪ್ಪನನ್ನು ಚೆನ್ನಾಗಿ ನೋಡಿಕೊಂಡ" ಎಂದು ಹೆಸರು ಅವನಿಗೇ ಬರುತ್ತದೆ.

ಇದಕ್ಕೋಸ್ಕರ ಕೆಲಸ ಬಿಟ್ಟ ಹೆಂಗಸರ ಸಂಬಳವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಅವರ ಸೊಂಟನೋವನ್ನು ಯಾರೂ ಕೇಳುವುದಿಲ್ಲ. ಆರೈಕೆ ಪ್ರೀತಿಯಿಂದ ಆಗಬೇಕು, ನಿಜ. ಆದರೆ ಅದು ಕೆಲಸವೂ ಹೌದು, ಬಹಳ ಕಷ್ಟದ ಕೆಲಸ. ಈಗ ಒಂದು ಮನೆಗೆ ಒಬ್ಬನೇ ಮಗ, ಒಬ್ಬಳೇ ಸೊಸೆ. ಅವಳಿಗೆ ಎರಡೂ ಕಡೆಯ ನಾಲ್ವರು ಹಿರಿಯರು, ಮಕ್ಕಳು, ಅದರ ಮೇಲೆ ಕೆಲಸ. ನಾಲ್ಕೈದು ಸೊಸೆಯಂದಿರು ಹಂಚಿಕೊಂಡು ಮಾಡುತ್ತಿದ್ದುದನ್ನು ಒಬ್ಬಳ ತಲೆಗೆ ಕಟ್ಟಿ ಅದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದು ಅನ್ಯಾಯ. ಸರ್ಕಾರ ಬರಬೇಕಾಗಿರುವುದು ಅವಳಿಗಾಗಿ.

ಮಕ್ಕಳು ನೋಡಿಕೊಳ್ಳದಿದ್ದರೆ ಕಾನೂನು ಏನು ಮಾಡುತ್ತದೆ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಇದೆ. ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಹಿರಿಯರ ಪರವಾಗಿ ಬೇರೆಯವರೂ ಕೊಡಬಹುದು. 90 ದಿನದೊಳಗೆ ತೀರ್ಮಾನ ಆಗಬೇಕು. ಜೀವನಾಂಶ ತಿಂಗಳಿಗೆ 10,000 ರೂಪಾಯಿವರೆಗೆ. ಮಕ್ಕಳಿಲ್ಲದವರು, ತಮ್ಮ ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರಿಂದ ಕೇಳಬಹುದು. ಹಿರಿಯರನ್ನು ಎಲ್ಲೋ ಬಿಟ್ಟು ಬರುವುದು ಅಪರಾಧ, 3 ತಿಂಗಳವರೆಗೆ ಜೈಲು ಆಗಬಹುದು.

ಈ ಕಾಯ್ದೆಯಲ್ಲಿ ಹೊಣೆ ಇರುವುದು ಮಗ, ಮಗಳು, ವಯಸ್ಕ ಮೊಮ್ಮಕ್ಕಳ ಮೇಲೆ. ಸೊಸೆಯ ಮೇಲಲ್ಲ. ಕಾನೂನಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು.

ಇಷ್ಟೆಲ್ಲ ಇದ್ದರೂ ಬಹಳ ಹಿರಿಯರು ಎಸಿ ಕಚೇರಿ ಮೆಟ್ಟಿಲು ಹತ್ತುವುದಿಲ್ಲ. ಹೆತ್ತ ಮಗನ ಮೇಲೆ ಹೇಗೆ ದೂರು ಕೊಡಲಿ ಅನ್ನುತ್ತಾರೆ. ಆ ಸಂಕೋಚವನ್ನು ನಾವು ಗೌರವಿಸಬೇಕು. ಮೊದಲು ಮನೆಯವರನ್ನು ಕೂರಿಸಿ ಮಾತಾಡಿಸಲು ಸಂಧಾನ ಅಧಿಕಾರಿಯ ವ್ಯವಸ್ಥೆಯೂ ಕಾಯ್ದೆಯಲ್ಲೇ ಇದೆ.

ಆಸ್ತಿ ಮಗನ ಹೆಸರಿಗೆ ಬರೆದುಕೊಟ್ಟಾಯ್ತು. ಈಗ ಊಟ ಕೂಡ ಹಾಕುತ್ತಿಲ್ಲ. ವಾಪಸ್ ಪಡೆಯಬಹುದಾ?

ಪಡೆಯಬಹುದು, ಆದರೆ ಷರತ್ತಿದೆ. ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯಾಗಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಷರತ್ತು ಇತ್ತು ಎಂಬುದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಈ ಕಾಯ್ದೆ ಹಿರಿಯರ ಒಳಿತಿಗಾಗಿ ಬಂದದ್ದು, ಅದನ್ನು ಉದಾರವಾಗಿ ಓದಬೇಕು ಎಂದು ಹೇಳಿ, ತಾಯಿ ಮಗನಿಗೆ ಕೊಟ್ಟ ದಾನಪತ್ರವನ್ನು ರದ್ದು ಮಾಡಿತು.

ಇನ್ನೂ ಬರೆದುಕೊಡದವರಿಗೆ ನಮ್ಮ ಮಾತು ಇಷ್ಟೇ: ದಾನಪತ್ರದಲ್ಲಿ ಆ ಷರತ್ತನ್ನು ಬರೆಸಿಯೇ ಸಹಿ ಹಾಕಿ. ಅದಕ್ಕಿಂತ ಒಳ್ಳೆಯದು ಉಯಿಲು. ಉಯಿಲು ನೀವು ಇರುವವರೆಗೆ ಬದಲಿಸಬಹುದು, ಆಸ್ತಿ ನಿಮ್ಮ ಹೆಸರಲ್ಲೇ ಇರುತ್ತದೆ. ಮಕ್ಕಳು ಬೇಸರ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ.

70 ದಾಟಿದವರಿಗೆಲ್ಲ 5 ಲಕ್ಷದ ಚಿಕಿತ್ಸೆ ಉಚಿತ ಅಂತಾರೆ. ಹಾಗಾದರೆ ಆಸ್ಪತ್ರೆ ಚಿಂತೆ ಮುಗಿಯಿತಲ್ಲ?

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ ವಿಸ್ತರಿಸಿತು. ಅದು ಒಳ್ಳೆಯ ಹೆಜ್ಜೆ. ಆದರೆ ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಹಿರಿಯರ ದುಡ್ಡು ಕರಗುವುದು ತಿಂಗಳು ತಿಂಗಳ ಬಿಪಿ, ಶುಗರ್ ಮಾತ್ರೆಗೆ, ರಕ್ತ ಪರೀಕ್ಷೆಗೆ, ಮಂಡಿನೋವಿಗೆ, ಕನ್ನಡಕಕ್ಕೆ, ಹಲ್ಲಿಗೆ. 2017-18ರ ದೊಡ್ಡ ಸಮೀಕ್ಷೆಯೊಂದರಲ್ಲಿ 60 ದಾಟಿದವರಲ್ಲಿ ನೂರಕ್ಕೆ 75 ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇತ್ತು.

ಮಾತ್ರೆ ದಿನಾ ಸಿಕ್ಕರೆ ಲಕ್ವ ಹೊಡೆಯುವುದು ತಪ್ಪುತ್ತದೆ. ಸಿಗದಿದ್ದರೆ ಆಮೇಲೆ 5 ಲಕ್ಷದ ಕಾರ್ಡು ಬೇಕಾಗುತ್ತದೆ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಕೇಳಿ ಪಡೆಯಿರಿ, ಅಲ್ಲಿ ಉಚಿತ. ಇಲ್ಲದಿದ್ದರೆ ಜನೌಷಧಿ ಅಂಗಡಿ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿಯೇ ಮನೆಗೆ ಬಂದು ತಪಾಸಣೆ ಮಾಡುತ್ತಾರೆ. ನಡೆಯಲಾಗದವರಿಗೆ ಬೇಕಾಗಿರುವುದು ಇಂಥದ್ದೇ.

ಇನ್ನೊಂದು ಮಾತು. ಹಿರಿಯರು ಹಾಸಿಗೆ ಹಿಡಿಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಜಾರಿ ಬೀಳುವುದೂ ಒಂದು. ಒದ್ದೆ ಬಚ್ಚಲು, ಹೊಸ್ತಿಲು, ರಾತ್ರಿಯ ಕತ್ತಲೆ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಪೈಪು, ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ. ಇವತ್ತೇ ಹಾಕಿಸಿ.

ಅಮ್ಮ ಕೇಳಿದ್ದನ್ನೇ ಕೇಳುತ್ತಾರೆ, ಮನೆ ದಾರಿ ಮರೆಯುತ್ತಾರೆ. ವಯಸ್ಸಾದರೆ ಹೀಗೇ ಅಲ್ವಾ?

ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಬಿಡಬೇಡಿ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಾಮಾನ್ಯ. ಉಂಡದ್ದನ್ನೇ ಮರೆತು ಊಟ ಹಾಕಿಲ್ಲ ಎನ್ನುವುದು, ದಿನಾ ಹೋಗುವ ದೇವಸ್ಥಾನದ ದಾರಿ ತಪ್ಪುವುದು, ಒಲೆ ಹಚ್ಚಿಟ್ಟು ಹೋಗುವುದು ಕಾಯಿಲೆಯ ಲಕ್ಷಣ ಇರಬಹುದು. ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂಬ ಅಂದಾಜಿದೆ. ಕೆಲವೊಮ್ಮೆ ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ಔಷಧಿ ಇದೆ. ಹಾಗಾಗಿ ತೋರಿಸಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಪ್ರತ್ಯೇಕ ಚಿಕಿತ್ಸೆ ಇದೆ.

ವೃದ್ಧಾಶ್ರಮಕ್ಕೆ ಸೇರಿಸುವುದು ತಪ್ಪಾ?

ಸೇರಿಸುವುದು ತಪ್ಪಲ್ಲ. ಕೇಳದೆ ಸೇರಿಸುವುದು, ಸೇರಿಸಿ ಮರೆಯುವುದು ತಪ್ಪು. ಸೇರಿಸುವ ಮುಂಚೆ ಊಟದ ಹೊತ್ತಿಗೆ ಹೇಳದೆ ಕೇಳದೆ ಒಮ್ಮೆ ಹೋಗಿ ನೋಡಿ. ರಾತ್ರಿ ನೋಡಿಕೊಳ್ಳುವವರು ಎಷ್ಟು ಜನ ಎಂದು ಕೇಳಿ.

ಹೆಂಗಸರಿಗೆ ಬೇರೆ ಕಷ್ಟ ಇದೆಯಾ?

ಇದೆ. ಹೆಂಗಸರು ಜಾಸ್ತಿ ವರ್ಷ ಬದುಕುತ್ತಾರೆ, ಮದುವೆಯಲ್ಲಿ ಗಂಡನಿಗಿಂತ ಚಿಕ್ಕವರಿರುತ್ತಾರೆ. ಹಾಗಾಗಿ 60 ದಾಟಿದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಗಂಡನನ್ನು ಕಳೆದುಕೊಂಡವರು. ಮನೆ, ಜಮೀನು ಗಂಡನ ಹೆಸರಲ್ಲಿ. ಅವನು ಹೋದ ಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸುವಾಗ ಗಂಡುಮಕ್ಕಳ ಹೆಸರು ಸೇರಿ ಹೆಂಡತಿಯ ಹೆಸರೇ ಬಿಟ್ಟುಹೋಗುತ್ತದೆ. ಪೌತಿ ಖಾತೆಯಲ್ಲಿ ಅಮ್ಮನ ಹೆಸರಿದೆಯಾ ಎಂದು ನೋಡಿ. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೂ ಮಕ್ಕಳ ಜೊತೆ ಹಕ್ಕಿದೆ.

ಜಾಸ್ತಿ ಮಕ್ಕಳು ಮಾಡಿಕೊಂಡರೆ ಇದೆಲ್ಲ ಸರಿಹೋಗುತ್ತದಾ?

ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲಿ ಹೀಗೆ ಕರೆ ಕೊಟ್ಟಿದ್ದರು. ನಮಗೆ ಇದು ಪರಿಹಾರ ಅನ್ನಿಸುವುದಿಲ್ಲ. ಈಗ ಹುಟ್ಟುವ ಮಗು ದುಡಿಮೆಗೆ ಬರಲು ಇಪ್ಪತ್ತು ವರ್ಷ ಬೇಕು. ಹೆರುವವಳು ಹೆಂಗಸು, ಸಾಕುವವಳು ಅವಳೇ, ಅತ್ತೆ ಮಾವನ ಆರೈಕೆಯೂ ಅವಳದೇ. ಅವಳಿಗೆ ಇನ್ನೊಂದು ಕೆಲಸ ಹೇರಿದಂತಾಯಿತು ಅಷ್ಟೇ.

ಹಾಗಾದರೆ ಸರ್ಕಾರ ಮೊದಲು ಏನು ಮಾಡಬೇಕು?

ಕೇಂದ್ರದ ಆ 200 ರೂಪಾಯಿಯನ್ನು ಏರಿಸಿ, ಬೆಲೆ ಏರಿದಂತೆ ತಾನಾಗೇ ಏರುವಂತೆ ಮಾಡಬೇಕು. ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಇರುವಾಗ ಕೂಲಿ ಮಾಡಿದ ಮುದುಕಿಗೆ ಯಾಕಿಲ್ಲ? 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ನಿಲ್ಲಿಸಿದ ಹಿರಿಯರ ರೈಲು ರಿಯಾಯಿತಿಯನ್ನು ವಾಪಸ್ ಕೊಡಬೇಕು.

ಎಲ್ಲಕ್ಕಿಂತ ಮುಖ್ಯ, ಊರಿಗೊಬ್ಬರಾದರೂ ತರಬೇತಿ ಪಡೆದ, ಸರಿಯಾದ ಸಂಬಳದ ಆರೈಕೆ ಕೆಲಸಗಾರರು ಬೇಕು. ವಾರಕ್ಕೆರಡು ಸಲ ಬಂದು ಸ್ನಾನ ಮಾಡಿಸಿ, ಹುಣ್ಣು ನೋಡಿ, ಮಾತ್ರೆ ಡಬ್ಬಿ ತುಂಬಿ ಹೋದರೆ ಆ ಮನೆಯ ಹೆಂಗಸು ಅಷ್ಟು ಹೊತ್ತಾದರೂ ಉಸಿರಾಡುತ್ತಾಳೆ. ಇದು ಆಗದ ಮಾತೇನಲ್ಲ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ನೋವು ಶಮನದ ಸೇವೆ, ಊರವರನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಂಡು ಮನೆ ಮನೆಗೆ ಹೋಗುವ ಜಾಲವಾಗಿ ಬೆಳೆಯಿತು. ಪಂಚಾಯಿತಿಗಳೂ ಅದಕ್ಕೆ ಕೈಜೋಡಿಸಿದವು.

ನಾನು ದೂರದೂರಲ್ಲಿ ಇದ್ದೇನೆ. ಇಲ್ಲಿಂದ ಏನು ಮಾಡಬಹುದು?

ದುಡ್ಡು ಕಳಿಸಿದರೆ ಮುಗಿಯಲಿಲ್ಲ. ಪಕ್ಕದ ಮನೆಯವರ, ಊರಿನ ಆಟೋದವರ, ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಫೋನಿನಲ್ಲಿ ಇರಲಿ. ಅಪ್ಪ ಅಮ್ಮನ ಮಾತ್ರೆಗಳ ಫೋಟೋ ಇಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ನಾಮಿನಿ ಇದೆಯಾ ನೋಡಿ. ಓಟಿಪಿ ಕೇಳುವ ಮೋಸದ ಕರೆಗಳ ಬಗ್ಗೆ ಮತ್ತೆ ಮತ್ತೆ ಹೇಳಿ. ಊರಲ್ಲಿ ಅವರನ್ನು ನೋಡಿಕೊಳ್ಳುತ್ತಿರುವ ಅತ್ತಿಗೆಯೋ ತಂಗಿಯೋ ಇದ್ದರೆ, ವರ್ಷಕ್ಕೆ ಕೆಲವು ವಾರವಾದರೂ ನೀವು ಬಂದು ಆ ಕೆಲಸ ಮಾಡಿ, ಅವರನ್ನು ತವರಿಗೋ ಪ್ರವಾಸಕ್ಕೋ ಕಳಿಸಿ.

ತುರ್ತು ಸಹಾಯಕ್ಕೆ ಯಾರಿಗೆ ಕರೆ ಮಾಡಬೇಕು?

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಬೆಂಗಳೂರಿನಲ್ಲಿ ಪೊಲೀಸರ ಜೊತೆ ಸೇರಿ ನಡೆಯುವ ಹಿರಿಯರ ಸಹಾಯವಾಣಿ 1090. ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ. ಅಪಾಯ ಕಂಡರೆ 112. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಹಿರಿಯರ ಕಣ್ಣಿಗೆ ಬೀಳುವಂತೆ ಫೋನಿನ ಪಕ್ಕದ ಗೋಡೆಗೆ ಅಂಟಿಸಿ.